ವೇಸ್ಟಿಗೆ ಹೋದ ಶತಮಾನಗಳು

ನಮ್ಮ ಮನೆತನದಲ್ಲಿ ಡಿಗ್ರಿ ಓದಿದವಳು ನಾನೇ ಮೊದಲು. ಈ ಮಾತನ್ನು ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಅಪ್ಪ ವಿಜಯಪುರದ ಕಡೆಯಿಂದ ಬಂದು ಮುಂಬೈಯ ಬಿಲ್ಡಿಂಗುಗಳಿಗೆ ಸಿಮೆಂಟು ಹೊತ್ತವರು. ಅವರು ತೀರಿಕೊಂಡ ಮೇಲೆ ಅವ್ವ ಸಾಂತಾಕ್ರೂಜಿನ ನಮ್ಮ ಚಾಳಿನ ಖೋಲಿಯಲ್ಲೇ ಕೂತು, ರೆಡಿಮೇಡ್ ಅಂಗಿಗಳಿಗೆ ನೇತುಹಾಕುವ ಟ್ಯಾಗುಗಳನ್ನು ಕತ್ತರಿಸಿ, ತೂತು ಹೊಡೆದು, ದಾರ ಪೋಣಿಸಿ ನನ್ನನ್ನು ಓದಿಸಿದಳು. ನಾನು ಹಗಲು ದುಡಿದು ನೈಟ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದೆ, ಇತಿಹಾಸ ತೆಗೆದುಕೊಂಡು. ಆಮೇಲೆ ಬಿ.ಎಡ್. ಅದೆಲ್ಲ ಆದ ಮೇಲೂ ನಾಲ್ಕು ವರ್ಷ ಪರೇಲಿನ ಒಂದು ಲ್ಯಾಬಿನ ಕೌಂಟರಿನಲ್ಲಿ ಕೂತು, ರಕ್ತ ತಪಾಸಣೆಗೆ ಬಂದವರ ಹೆಸರು, ವಯಸ್ಸು ಟೈಪ್ ಮಾಡಿದೆ. ಹೊಟ್ಟೆಗೇನೂ ಕಡಿಮೆ ಇರಲಿಲ್ಲ. ಆದರೆ ಓದಿದ್ದು ಅದಕ್ಕಲ್ಲ.

ಮಕ್ಕಳೇ ಕಡಿಮೆಯಾಗುತ್ತಿರುವ ಈ ಊರಿನ ಕನ್ನಡ ಶಾಲೆಗಳಲ್ಲಿ ಇತಿಹಾಸ ಕಲಿಸುವ ಜಾಗ ಖಾಲಿಯಾಗುವುದು ಅಪರೂಪ. ಬೊರಿವಲಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಒಬ್ಬ ಟೀಚರ್ ನಿವೃತ್ತರಾದರು, ಒಂದು ಜಾಗ ಆಯಿತು. ಅರ್ಜಿ ಹಾಕಿದವರಲ್ಲಿ ಮೂವರನ್ನು ಡೆಮೊ ಪಾಠಕ್ಕೆ ಕರೆದರು. ಏಳನೇ ತರಗತಿಗೆ ಇಪ್ಪತ್ತು ನಿಮಿಷ, ವಿಷಯ ನಮ್ಮ ಪ್ರದೇಶದ ಇತಿಹಾಸ, ಬೋಧನೋಪಕರಣ ಅಭ್ಯರ್ಥಿಯೇ ತಯಾರಿಸಿದ್ದಾಗಿರಬೇಕು ಎಂದು ಕಾಗದದಲ್ಲಿತ್ತು. ನನಗೆ ಆಗ ಮೂವತ್ತೊಂದು ವರ್ಷ. ಇದು ತಪ್ಪಿದರೆ ಮತ್ತೊಂದು ಜಾಗ ಯಾವಾಗ ಆದೀತು, ಅಷ್ಟರೊಳಗೆ ಶಾಲೆಯೇ ಇದ್ದೀತೋ ಇಲ್ಲವೋ ಹೇಳುವಂತಿರಲಿಲ್ಲ. ಈ ಕೆಲಸ ನನಗೇ ಸಿಗಬೇಕು ಎಂದು ಹಟ ಹಿಡಿದು ಕೂತೆ.

ನಾನು ಮಾಡಿದ್ದು ಒಂದು ಕಾರ್ಡಿನ ಆಟ. ಒಟ್ಟು ಮೂವತ್ತಾರು ಕಾರ್ಡು. ಒಂದೊಂದರ ಮೇಲೂ ಒಂದು ಚಿತ್ರ, ಕೆಳಗೆ ಹೆಸರು. ಬಾದಾಮಿಯ ಗುಹೆ, ಪಟ್ಟದಕಲ್ಲಿನ ಗುಡಿ, ಕಲಬುರಗಿಯ ಕೋಟೆ, ಬೀದರಿನ ಮದರಸಾ, ಗೋಳಗುಮ್ಮಟ, ಬಾರಾಕಮಾನ್, ಹೀಗೆ. ಅಲ್ಲಿಗೇ ನಿಲ್ಲಿಸಲಿಲ್ಲ. ಈ ಮಕ್ಕಳ ಅಜ್ಜಂದಿರು ರೈಲು ಹತ್ತಿ ಈ ಕಡೆ ಬಂದವರು. ಅವರು ಬಂದ ದಾರಿಯೂ ಪ್ರದೇಶದ ಇತಿಹಾಸವೇ. ಹಾಗಾಗಿ ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲು, ಪರೇಲಿನ ಗಿರಣಿಯ ಚಿಮಣಿ, ವಿಜಯಪುರ ಧಾರವಾಡಗಳು ಇನ್ನೂ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದ ನಕ್ಷೆ, ಏಕೀಕರಣ, ಗಿರಣಿ ಮುಷ್ಕರ, ಆಲಮಟ್ಟಿಯ ಅಣೆಕಟ್ಟು, ಇವನ್ನೂ ಸೇರಿಸಿದೆ. ಐದು ಮಕ್ಕಳ ಗುಂಪಿಗೆ ಒಂದು ಕಟ್ಟು. ತಲೆಗೆ ಏಳು ಕಾರ್ಡು. ಉಳಿದ ಒಂದನ್ನು ನೆಲದ ಮೇಲೆ ಇಡುವುದು. ಒಬ್ಬೊಬ್ಬರಾಗಿ ತಮ್ಮ ಕಾರ್ಡನ್ನು ಅದಕ್ಕಿಂತ ಹಿಂದಿನದೋ ಮುಂದಿನದೋ ಎಂದು ಯೋಚಿಸಿ ಸಾಲಿನಲ್ಲಿ ಇಡಬೇಕು. ಇಟ್ಟ ಮೇಲೆ ತಿರುಗಿಸಿ ನೋಡಬೇಕು. ಹಿಂಭಾಗದಲ್ಲಿ ಯಾವ ಶತಮಾನ ಎಂದಿರುತ್ತದೆ, ಜೊತೆಗೆ ಎರಡು ಸಾಲಿನ ವಿವರ. ತಪ್ಪಾದರೆ ಕಾರ್ಡು ವಾಪಸು ಕೈಗೆ. ಮೊದಲು ಕೈ ಖಾಲಿಯಾದವರು ಗೆದ್ದರು.

ಲ್ಯಾಬಿನ ಊಟದ ಬಿಡುವಿನಲ್ಲಿ ಪಕ್ಕದ ಆಸ್ಪತ್ರೆಯ ಎದುರಿನ ಗಲ್ಲಿಯ ಝೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿದೆ. ಅಲ್ಲಿ ಎರಡೂ ಬದಿ ಪ್ರಿಂಟ್ ಮಾಡಿಸಿದರೆ ಹಿಂದಿನದು ಮುಂದಿನದಕ್ಕೆ ಸರಿಯಾಗಿ ಕೂಡುವುದಿಲ್ಲ, ಗೋಳಗುಮ್ಮಟದ ಬೆನ್ನಿಗೆ ಆಲಮಟ್ಟಿ ಬಂದು ಕೂತುಬಿಡುತ್ತದೆ. ಅದಕ್ಕೆ ಒಂದು ಉಪಾಯ ಮಾಡಿದ್ದೆ. ಪ್ರತಿ ಚಿತ್ರದ ಕೆಳಗೆ ಎರಡು ಬೆರಳಿನಷ್ಟು ಬಿಳಿ ಪಟ್ಟಿ ಬಿಟ್ಟು, ಶತಮಾನ ಮತ್ತು ವಿವರವನ್ನು ಅದರಲ್ಲಿ ತಲೆಕೆಳಗಾಗಿ ಹಾಕಿದ್ದೆ. ಚಿತ್ರಕ್ಕೂ ಪಟ್ಟಿಗೂ ನಡುವೆ ಒಂದು ಚುಕ್ಕೆ ಗೆರೆ. ಆ ಗೆರೆಯಲ್ಲಿ ಪಟ್ಟಿಯನ್ನು ಹಿಂದಕ್ಕೆ ಮಡಚಿ ಅಂಟಿಸಿದರೆ ಅಕ್ಷರ ನೆಟ್ಟಗೆ ಕಾಣುತ್ತದೆ. ಒಂದೇ ಬದಿಯ ಪ್ರಿಂಟಿನಲ್ಲಿ ಎರಡೂ ಬದಿಯ ಕಾರ್ಡು. ಇದು ನನಗೆ ಹೊಳೆದ ದಿನ ಬಹಳ ಬೀಗಿದ್ದೆ. ಒಂದು ಎ-ಫೋರ್ ಹಾಳೆಗೆ ಒಂಬತ್ತು ಕಾರ್ಡು, ಆರು ಕಟ್ಟಿಗೆ ಇಪ್ಪತ್ತನಾಲ್ಕು ಹಾಳೆ. ದಪ್ಪ, ಹೊಳೆಯುವ ಕಾಗದ.

ಡೆಮೊದ ಹಿಂದಿನ ದಿನ ರಜೆ ಸಿಗಲಿಲ್ಲ. ಇನ್ನೂರ ಹದಿನಾರು ಕಾರ್ಡು ಕತ್ತರಿಸಿ ಅಂಟಿಸುವುದು ನನ್ನ ಕೈಯಿಂದ ಆಗದ ಮಾತು. ಅವ್ವನಿಗೆ ಕೊಟ್ಟೆ. ಕತ್ತರಿ ಹಿಡಿದರೆ ಅವ್ವನ ಕೈ ಮಷೀನಿನ ಹಾಗೆ. ಬೆಳಿಗ್ಗೆ ಹಾಳೆಗಳನ್ನೂ ಗೋಂದಿನ ಟ್ಯೂಬನ್ನೂ ಅವಳ ಮುಂದಿಟ್ಟು, ಚಪ್ಪಲಿ ಮೆಟ್ಟುತ್ತಲೇ ಹೇಳಿದೆ: “ಗೆರಿ ಗುಂಟ ನೀಟಾಗಿ ಮಾಡವ್ವಾ. ನಾಳಿಗೆ ಬೇಕು. ಹ್ಯಾಂಗ ಮಾಡೂದು ಅಂತ ಎಲ್ಲಾ ಅದರಾಗ ಬರದೀನಿ.”

ಬರೆದದ್ದು ನಿಜ. ಪ್ರತಿ ಹಾಳೆಯ ತಳದಲ್ಲಿ ದಪ್ಪ ಅಕ್ಷರದಲ್ಲಿ ‘ಚುಕ್ಕೆ ಗೆರೆಯಲ್ಲಿ ಹಿಂದಕ್ಕೆ ಮಡಚಿ, ಅಂಟಿಸಿ’ ಎಂದಿತ್ತು. ಅವ್ವನಿಗೆ ಓದಲು ಬರುವುದಿಲ್ಲ. ಮೂವತ್ತೊಂದು ವರ್ಷ ಅವಳ ಮಗಳಾಗಿದ್ದು ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಆ ಗಳಿಗೆಯಲ್ಲಿ ತಲೆಗೇ ಬರಲಿಲ್ಲ.

ಸಂಜೆ ಬಂದಾಗ ಎಲ್ಲ ಮುಗಿದಿತ್ತು. ಟ್ಯಾಗುಗಳನ್ನು ಕಟ್ಟುವ ಹಾಗೆ ಮೂರು ಮೂರು ಡಜನ್ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ, ಒಂದು ರಟ್ಟಿನ ಡಬ್ಬಿಯಲ್ಲಿ ಜೋಡಿಸಿಟ್ಟಿದ್ದಳು. ಅಂಚುಗಳು ಬ್ಲೇಡಿನಿಂದ ಕೊಯ್ದಂತಿದ್ದವು. ಮೇಲಿನ ಚಿತ್ರ ನೋಡಿದೆ, ಚಂದ ಕಂಡಿತು. ಡಬ್ಬಿ ಮುಚ್ಚಿ ಬ್ಯಾಗಿಗೆ ಹಾಕಿ, ಪಾಠದ ಟಿಪ್ಪಣಿ ಹಿಡಿದು ಕೂತೆ. ಒಂದೇ ಒಂದು ಕಾರ್ಡನ್ನು ತಿರುಗಿಸಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಬೊರಿವಲಿ ಲೋಕಲ್ ಹತ್ತಿದೆ. ಜನವೆಲ್ಲ ಚರ್ಚ್‌ಗೇಟ್ ಕಡೆ ಹೋಗುವ ಹೊತ್ತು, ಈ ಕಡೆ ಹೋಗುವವರಿಗೆ ಸೀಟು ಸಿಗುತ್ತದೆ. ಅಂಧೇರಿ ದಾಟಿದ ಮೇಲೆ ಸುಮ್ಮನೆ ಕೂರಲಾಗದೆ ಡಬ್ಬಿ ತೆಗೆದೆ. ಗೋಳಗುಮ್ಮಟದ ಕಾರ್ಡು ಕೈಗೆ ಬಂತು. ತಿರುಗಿಸಿದೆ. ಹಿಂಭಾಗ ಖಾಲಿ. ಇನ್ನೊಂದು ತೆಗೆದೆ, ಖಾಲಿ. ರಬ್ಬರ್ ಬ್ಯಾಂಡ್ ಬಿಚ್ಚಿ ಇಡೀ ಕಟ್ಟು ತಿರುವಿದೆ. ಎಲ್ಲಿಯೂ ಶತಮಾನ ಇಲ್ಲ, ವಿವರ ಇಲ್ಲ. ಚಿತ್ರ ಮುಗಿದಲ್ಲಿಗೆ, ಚುಕ್ಕೆ ಗೆರೆಯ ಮೇಲೆಯೇ, ಕಾರ್ಡು ಮುಗಿದಿತ್ತು. ಎದುರು ಕೂತ ಹೆಂಗಸು ನನ್ನ ಮುಖ ನೋಡಿ, “ಕ್ಯಾ ಹುವಾ, ಕುಛ್ ಗಿರಾ ಕ್ಯಾ?” ಎಂದು, ಏನೋ ಬಿದ್ದಿದೆ ಎಂದುಕೊಂಡು ನೆಲ ನೋಡತೊಡಗಿದಳು.

ಅವ್ವನಿಗೆ ಫೋನ್ ಹಚ್ಚಿದೆ. ಬಿಳಿ ಪಟ್ಟಿ ಎಲ್ಲಿ ಎಂದೆ.

“ವೇಸ್ಟ್ ಅಲ್ಲೇನು ಅದು? ಕತ್ರಿಸಿ ಒಗದೆ,” ಎಂದಳು.

ಆಮೇಲೆ ತಿಳಿದದ್ದು ಇಷ್ಟು. ಟ್ಯಾಗಿನ ಕೆಲಸದಲ್ಲಿ ಚುಕ್ಕೆ ಗೆರೆ ಎಂದರೆ ಕತ್ತರಿಸುವ ಗೆರೆ. ಗೆರೆಯಾಚೆಯ ಬಿಳಿ ಎಂದರೆ ವೇಸ್ಟ್. ಅದನ್ನು ಗೆರೆಗೆ ಎಷ್ಟು ಒತ್ತಾಗಿ ತೆಗೆದರೆ ಅಷ್ಟು ಒಳ್ಳೆಯ ಕೆಲಸಗಾರ್ತಿ. ಹನ್ನೆರಡು ವರ್ಷ ಅವ್ವ ಮಾಡಿದ್ದು ಅದನ್ನೇ. ಆದರೂ ಬಿಳಿಯ ಮೇಲೆ ಅಕ್ಷರ ಕಂಡು ಅವಳಿಗೆ ಅನುಮಾನ ಬಂದಿದೆ. ನಾವು ಖಾಲಾ, ಎಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಖೋಲಿಯ ಹೆಂಗಸನ್ನು ಕೇಳಿದ್ದಾಳೆ. ಖಾಲಾ ಕಲಬುರಗಿ ಕಡೆಯವರು, ಅವ್ವನ ಜೊತೆಗೇ ಟ್ಯಾಗು ಮಾಡುವವರು, ಚಿಕ್ಕವರಿದ್ದಾಗ ಮೂರು ವರ್ಷ ಕನ್ನಡ ಸಾಲೆಗೆ ಹೋದವರು. ತಳದ ಅಂಚನ್ನು ಅವ್ವ ಮೊದಲೇ ಕತ್ತರಿಸಿ ತೆಗೆದಿದ್ದ ಹಾಳೆಯನ್ನು ಅವರು ಹಿಡಿದು ನೋಡಿ, ಅಕ್ಷರ ತಲೆಕೆಳಗಾಗಿರುವುದನ್ನು ಕಂಡು, ಇದು ಉಲ್ಟಾ ಛಾಪಾ, ಪ್ರೆಸ್ಸಿನವನ ತಪ್ಪು, ಖರಾಬ್ ಮಾಲು ಎಂದು ತೀರ್ಮಾನ ಕೊಟ್ಟಿದ್ದಾರೆ. ತಪ್ಪಿದ ಅಕ್ಷರ ಮಗಳ ಕಾರ್ಡಿನಲ್ಲಿ ಉಳಿಯಬಾರದು ಎಂದು ಇಬ್ಬರೂ ಇನ್ನಷ್ಟು ಹುಷಾರಾಗಿ ಕತ್ತರಿಸಿದ್ದಾರೆ. ಗೋಂದು ಡಬ್ಬಿಗೆ ಚಿತ್ರ ಅಂಟಿಸಲು ಎಂದುಕೊಂಡಿದ್ದರಂತೆ.

ಅದನ್ನು ಹಿಂದಕ್ಕೆ ಮಡಚಿ ಅಂಟಿಸಬೇಕಿತ್ತು, ಕಚರಾ ಎಲ್ಲಿ ಒಗೆದೆ ಎಂದು ಕೇಳಿದೆ. ಬೆಳಿಗ್ಗೆಯೇ ಚಾಳಿನ ಕಚರಾ ಎತ್ತಿಕೊಂಡು ಹೋದರು ಎಂದಳು. ನಾನು ಏನೋ ಅಂದೆ. ಏನು ಅಂದೆ ಎಂದು ಬರೆಯಲು ಇವತ್ತಿಗೂ ಮನಸ್ಸಿಲ್ಲ. ಚಿಂತೆ ಬೇಡ, ನಾವಿದ್ದೇವೆ ಎನ್ನುವ ಖಾಲಾನ ದನಿ ಹಿಂದಿನಿಂದ ಕೇಳಿತು: “ಫಿಕರ್ ನಕ್ಕೊ ಕರ್ ಬೇಟಾ, ಹಮೇ ಹೈ.” ಫೋನ್ ಕಟ್ ಮಾಡಿದೆ.

ಪೆನ್ನು ತೆಗೆದು ಹಿಂಭಾಗದಲ್ಲಿ ಬರೆಯಲು ಶುರು ಮಾಡಿದೆ. ಶತಮಾನಗಳೆಲ್ಲ ನನಗೆ ಬಾಯಿಪಾಠ. ಆದರೆ ಆ ಹೊಳೆಯುವ ಕಾಗದಕ್ಕೆ ಜೆಲ್ ಪೆನ್ನಿನ ಮಸಿ ಹಿಡಿಯಲಿಲ್ಲ. ಒಂದರ ಮೇಲೊಂದು ಇಟ್ಟ ಕೂಡಲೇ ಮುಂದಿನ ಕಾರ್ಡಿನ ಚಿತ್ರಕ್ಕೆ ಮೆತ್ತಿಕೊಂಡಿತು. ಕಾಂದಿವಲಿ ಬರುವಷ್ಟರಲ್ಲಿ ಹನ್ನೊಂದು ಕಾರ್ಡು ಹಾಳಾಗಿದ್ದವು, ನನ್ನ ಹೆಬ್ಬೆರಳು ನೀಲಿಯಾಗಿತ್ತು. ಬಿಟ್ಟೆ. ಹಾಳಾದ ಆ ಕಟ್ಟನ್ನು ಬ್ಯಾಗಿನ ತಳಕ್ಕೆ ತುರುಕಿದೆ. ಶಾಲೆಯಲ್ಲಿ ಹಾಜರಿ ಕಡಿಮೆ ಇದ್ದರೆ ಐದು ಕಟ್ಟು ಸಾಕಾದೀತು.

ಶಾಲೆಯ ವರಾಂಡದಲ್ಲಿ ಉದ್ದನೆಯ ಬೆಂಚಿನ ಮೇಲೆ ಮೂವರನ್ನೂ ಕೂರಿಸಿದರು. ನನ್ನ ಸರದಿ ಕೊನೆಯದು. ಮೊದಲನೆಯವರು ಲ್ಯಾಪ್‌ಟಾಪ್ ತಂದಿದ್ದರು, ಗೋಡೆಯ ಮೇಲೆ ಕೋಟೆಗಳು ಮೂಡಿ ಮೂಡಿ ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ಎರಡನೆಯವರು ಥರ್ಮೊಕೋಲಿನಲ್ಲಿ ಗೋಳಗುಮ್ಮಟವನ್ನೇ ಕಟ್ಟಿ ತಂದಿದ್ದರು. ನಾನು ಖಾಲಿ ಬೆನ್ನಿನ ಕಾರ್ಡುಗಳನ್ನು ತೊಡೆಯ ಮೇಲಿಟ್ಟುಕೊಂಡು ಲೆಕ್ಕ ಹಾಕುತ್ತಿದ್ದೆ. ಉತ್ತರವಿಲ್ಲದ ಆಟವನ್ನು ಆಡಿಸುವುದು ಹೇಗೆ? ಮಕ್ಕಳು ಒಬ್ಬೊಬ್ಬರೂ ಬಂದು ನನ್ನನ್ನು ಕೇಳಿದರೆ ಇಪ್ಪತ್ತು ನಿಮಿಷ ಗದ್ದಲದಲ್ಲೇ ಮುಗಿಯುತ್ತದೆ. ಕೇಳಗೊಡದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕರೆ ಬಂದಾಗ ಒಂದೇ ತೀರ್ಮಾನಕ್ಕೆ ಬಂದಿದ್ದೆ: ಇದ್ದದ್ದನ್ನು ಇದ್ದ ಹಾಗೇ ಆಡಿಸುವುದು.

ಹಿಂದಿನ ಬೆಂಚಿನಲ್ಲಿ ಮೂವರು ಕೂತಿದ್ದರು. ಮುಖ್ಯೋಪಾಧ್ಯಾಯಿನಿ, ಸಂಸ್ಥೆಯ ಕಾರ್ಯದರ್ಶಿ, ಮತ್ತು ವಿಷಯ ತಜ್ಞರೆಂದು ಕರೆಸಿದ್ದ ಒಬ್ಬ ನಿವೃತ್ತ ಮೇಷ್ಟ್ರು. ತರಗತಿಯಲ್ಲಿ ಇಪ್ಪತ್ತೈದು ಮಕ್ಕಳಿದ್ದರು. ಐದು ಕಟ್ಟು ಸಾಕಾಯಿತು. ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಕಾರ್ಡು ಹಂಚಿ ಹೇಳಿದೆ: “ಇದರಾಗ ಉತ್ತರ ಇಲ್ಲ. ಯಾವುದು ಮೊದಲು, ಯಾವುದು ಆಮೇಲೆ, ನೀವೇ ಹೇಳಬೇಕು. ಸುಮ್ಮನೆ ಇಡುವ ಹಾಗಿಲ್ಲ. ಯಾಕೆ ಅಂತ ಹೇಳಿ ಇಡಬೇಕು. ಬೇರೆಯವರಿಗೆ ಒಪ್ಪಿಗೆ ಆಗದಿದ್ದರೆ ಜಗಳ ಆಡಬಹುದು. ಕೈ ಮಾಡುವ ಹಾಗಿಲ್ಲ.”

ಮೊದಲ ಎರಡು ನಿಮಿಷ ಮಕ್ಕಳು ಕಾರ್ಡು ತಿರುವುತ್ತ ಕೂತರು. ಆಮೇಲೆ ಬಾಗಿಲ ಹತ್ತಿರದ ಗುಂಪಿನಲ್ಲಿ ಶುರುವಾಯಿತು. ಎರಡು ಜಡೆಯ ಹುಡುಗಿಯೊಬ್ಬಳು ಬಾರಾಕಮಾನನ್ನು ಗೋಳಗುಮ್ಮಟಕ್ಕಿಂತ ಹಿಂದೆ ಇಟ್ಟಳು. ಅರ್ಧ ಕಟ್ಟಿ ಬಿಟ್ಟದ್ದು ಎಂದರೆ ಆಗ ಅವರಿಗೆ ಸರಿಯಾಗಿ ಕಟ್ಟಲು ಬರುತ್ತಿರಲಿಲ್ಲ, ಕಲಿತ ಮೇಲೆ ಗುಮ್ಮಟ ಕಟ್ಟಿದರು ಎಂಬುದು ಅವಳ ವಾದ. ಎದುರಿನ ಹುಡುಗ ಒಪ್ಪಲಿಲ್ಲ.

“ಅಯ್ಯ, ಹಂಗಲ್ಲಲೇ. ಗುಮ್ಮಟ ನೋಡಿ, ಅದಕಿಂತ ಊಂಚಾ ಮಾಡ್ತೀವಿ ಅಂತ ಹೋಗ್ಯಾರ. ಅರ್ಧಕ್ಕಽ ಕಾಮ್ ಬಂದ್. ನಮ್ಮ ಪಪ್ಪಾನ ಸೈಟ್‌ನಾಗ ಸೇಮ್ ಆಗೇತಿ. ಬಾಜೂ ಬಿಲ್ಡಿಂಗಿನ್ನ ನೋಡಿ ನಲವತ್ತು ಮಾಲಾ ಅಂದ್ರು, ಹದಿನಾರನೇ ಅಂತಸ್ತಿಗೆ ನಿಂತದ.”

“ನಿಮ್ಮ ಪಪ್ಪಾ ಕಟ್ಟಿದ್ರ ಹಂಗಽ ನಿಲ್ಲೂದು,” ಎಂದಳು ಅವಳು.

ಗುಂಪು ನಕ್ಕಿತು. ಅಲ್ಲಿಂದ ಇಡೀ ತರಗತಿಗೆ ಬಾಯಿ ಬಂತು. ಒಂದು ಕಡೆ ಗುಹೆಯ ಹಾಗೆ ಕಡಿದು ಮಾಡಿದ್ದು ಮೊದಲೋ ಗುಡಿಯ ಹಾಗೆ ಕಟ್ಟಿ ಮಾಡಿದ್ದು ಮೊದಲೋ ಎಂಬ ಜಗಳ. ಇನ್ನೊಂದು ಕಡೆ ರೈಲೇ ಇಲ್ಲದೆ ಗಿರಣಿಗೆ ಹತ್ತಿ ಹೇಗೆ ಬಂತು ಎಂಬ ಪ್ರಶ್ನೆ. ನಾನು ಗುಂಪಿನಿಂದ ಗುಂಪಿಗೆ ಹೋಗುತ್ತಿದ್ದೆ. ಇನ್ನೂ ಯಾಕೆ, ಇನ್ನೂ ಯಾಕೆ ಎಂದು ಕೆದಕುತ್ತಿದ್ದೆ. ಬಾಯಿಯಿಂದ ಉತ್ತರ ಹೊರಬೀಳದಂತೆ ಹಿಡಿದುಕೊಳ್ಳುವುದೇ ಕಷ್ಟವಾಗಿತ್ತು. ಹದಿನೈದು ನಿಮಿಷ ಹೋದದ್ದೇ ತಿಳಿಯಲಿಲ್ಲ.

ಆಗ ಮೇಷ್ಟ್ರು ಎದ್ದು ಬಂದರು. ನಿಧಾನವಾಗಿ ಬಗ್ಗಿ ಒಂದು ಕಾರ್ಡು ಎತ್ತಿಕೊಂಡರು. ತಿರುಗಿಸಿದರು. ಇನ್ನೊಂದನ್ನೂ ತಿರುಗಿಸಿದರು.

“ಉತ್ತರ ಎಲ್ಲಿದೆ?”

“ಇಲ್ಲ ಸರ್. ಬೇಕಂತಲೇ ಹಾಕಿಲ್ಲ. ಮಕ್ಕಳು ತಾವೇ ಕಾರಣ ಹುಡುಕಲಿ ಅಂತ.”

ಅದು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಬಂದ ಮೇಲೆ ನನಗೇ ನಿಜ ಅನ್ನಿಸಿತು.

“ಇದು ನಿಮ್ಮದೇ ಯೋಚನೆಯೇ?” ಎಂದರು ಅವರು, ಕಾರ್ಡನ್ನು ಬೆಳಕಿಗೆ ಹಿಡಿದು.

“ಹೌದು ಸರ್.”

ಅವರ ಮುಖ ಸಡಿಲವಾಯಿತು. ನಲವತ್ತು ವರ್ಷ ಪಾಠ ಮಾಡಿದೆ, ಉತ್ತರ ಮುಚ್ಚಿಡುವ ಧೈರ್ಯ ನನಗೆ ಬಂದಿರಲಿಲ್ಲ ಎಂದು ಉಳಿದ ಇಬ್ಬರ ಕಡೆ ತಿರುಗಿ ಹೇಳಿದರು. ಕೈಯಲ್ಲಿದ್ದ ಹಾಳೆಯಲ್ಲಿ ಏನೋ ಬರೆದುಕೊಂಡರು. ಕಾರ್ಯದರ್ಶಿ ತಲೆ ಆಡಿಸಿದರು. ಕೆಲಸ ನನಗೆ ಎಂದು ಆಗಲೇ ಅನ್ನಿಸಿಬಿಟ್ಟಿತ್ತು. ಇನ್ನು ಎರಡು ಮೂರು ನಿಮಿಷ ಕಳೆದರೆ ಸಾಕಿತ್ತು.

ಪ್ಯೂನ್ ಬಾಗಿಲಿಗೆ ಬಂದ. ಅವನೂ ನಮ್ಮ ಕಡೆಯವನೇ. ಮುಖ್ಯೋಪಾಧ್ಯಾಯಿನಿಗೆ ಹೇಳಿದ: “ಮೇಡಂ, ಈ ಟೀಚರ್‌ದು ಅವ್ವ ಅಂತ್ರೀ. ಕಾರ್ಡಿನ ತುಂಡು ತಂದೀನಿ, ಅರ್ಜೆಂಟ್ ಐತಿ ಅಂತಾರ. ನಿಂದ್ರು ಅಂದ್ರ ಕೇಳವಲ್ರು.”

ಅವನ ಹಿಂದೆಯೇ ಅವ್ವ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಮುಖವೆಲ್ಲ ಬೆವರು. ಕೈಯಲ್ಲಿ ಟ್ಯಾಗು ತುಂಬುವ ಪ್ಲಾಸ್ಟಿಕ್ ಚೀಲ. ನನ್ನ ಫೋನ್ ಬಂದ ಮೇಲೆ ಅವಳೂ ಖಾಲಾನೂ ಗಲ್ಲಿಯ ತುದಿಗೆ ಓಡಿದ್ದಾರೆ. ಅಲ್ಲಿ ಕಚರಾದ ಕೈಗಾಡಿಯನ್ನು ಇನ್ನೂ ದೊಡ್ಡ ಗಾಡಿಗೆ ಸುರಿದಿರಲಿಲ್ಲ. ನಿಲ್ಲಿಸಿ, ಬಗ್ಗಿ, ಪಟ್ಟಿಗಳನ್ನು ಒಂದೊಂದಾಗಿ ಆರಿಸಿದ್ದಾರೆ. ಖಾಲಾ ಒರೆಸಿ ಕೊಟ್ಟಿದ್ದಾರೆ. ಅವ್ವ ಒಬ್ಬಳೇ ಲೋಕಲ್ ಹತ್ತಿ, ಬೊರಿವಲಿಯಲ್ಲಿ ಇಳಿದು, ಕನ್ನಡ ಸಾಲಿ ಎಲ್ಲಿ ಎಂದು ಕೇಳುತ್ತ ಕೇಳುತ್ತ ಬಂದಿದ್ದಾಳೆ.

ತರಗತಿಯಲ್ಲಿ ಯಾರು ಸಾಹೇಬರು ಎಂದು ಅವ್ವನಿಗೆ ನೋಡಿದ ಕೂಡಲೇ ತಿಳಿಯಿತು. ನೇರ ಮೇಷ್ಟ್ರ ಕಡೆ ಬಂದಳು.

“ಆಕಿದು ತಪ್ಪಿಲ್ರೀ ಸಾಹೇಬ್ರ. ಹಿಂದ ಹಚ್ಚೂದಿತ್ತಂತ. ಮಡಚಿ ಹಚ್ಚೂದು ಬಿಟ್ಟು ನಾನಽ ಕತ್ರಿಸಿ ಒಗದೀನ್ರಿ. ಎಲ್ಲಾ ಆರಿಸಿ ತಂದೀನಿ. ಎಣಿಸಿ ನೋಡ್ರಿ, ಒಂದೂ ಕಮ್ಮಿ ಇಲ್ಲ.”

ಚೀಲವನ್ನು ಮೇಜಿನ ಮೇಲೆ ಇಟ್ಟಳು. ಮೇಷ್ಟ್ರು ಚೀಲ ನೋಡಿದರು, ಕೈಯಲ್ಲಿದ್ದ ಕಾರ್ಡು ನೋಡಿದರು, ಆಮೇಲೆ ನನ್ನನ್ನು.

“ಬೇಕಂತಲೇ ಅಂದಿರಿ.”

ಮಕ್ಕಳು ಕಾರ್ಡು ಕೆಳಗಿಟ್ಟು ನಮ್ಮ ಕಡೆ ನೋಡಿದರು. ಅವರಿಗೆ ಏನೂ ತಿಳಿದಿರಲಿಲ್ಲ, ಆದರೆ ದೊಡ್ಡವರ ದನಿ ಬದಲಾದದ್ದು ಮಕ್ಕಳಿಗೆ ಮೊದಲು ಗೊತ್ತಾಗುತ್ತದೆ. ಹೇಳಲು ಇನ್ನೊಂದು ಸುಳ್ಳು ಸಿದ್ಧವಿತ್ತು. ಮನೆಯಲ್ಲಿ ಎರಡು ಬಗೆಯ ಕಟ್ಟು ಮಾಡಿದ್ದೆ, ಅವ್ವನಿಗೆ ಗೊಂದಲವಾಗಿದೆ ಎನ್ನಬಹುದಿತ್ತು. ಅವ್ವ ಅದನ್ನು ಅಲ್ಲಗಳೆಯುತ್ತಲೂ ಇರಲಿಲ್ಲ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ನಾನು ಏನು ಹೇಳಿದರೂ ಹೂಂ ಎನ್ನಲು ತಯಾರಾಗಿ. ಅದನ್ನು ಕಂಡು ಆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

“ಸುಳ್ಳು ಹೇಳಿದೆ ಸರ್. ಹಿಂದೆ ಉತ್ತರ ಇರಬೇಕಿತ್ತು. ಹೇಗೆ ಮಡಚಬೇಕು ಅಂತ ನಾನು ಬಾಯಲ್ಲಿ ಹೇಳಲಿಲ್ಲ, ಹಾಳೆಯಲ್ಲಿ ಬರೆದೆ. ನಮ್ಮ ಅವ್ವನಿಗೆ ಓದಲು ಬರುವುದಿಲ್ಲ. ಅದು ನನ್ನ ತಪ್ಪು. ಬೆಳಿಗ್ಗೆ ಟ್ರೇನಿನಲ್ಲಿ ನೋಡಿದೆ.”

ಮೇಷ್ಟ್ರು ಹಿಂದಕ್ಕೆ ಹೋಗಿ ಕೂತು, ಹಾಳೆಯಲ್ಲಿ ಬರೆದದ್ದನ್ನು ಹೊಡೆದುಹಾಕಿದರು. ಒಂದು ಗೆರೆ, ಮತ್ತೆ ಅದರ ಮೇಲೆ ಇನ್ನೊಂದು ಗೆರೆ. ನಾನು ಎಣಿಸಿದೆ.

ಅಷ್ಟರಲ್ಲಿ ಎರಡು ಜಡೆಯ ಹುಡುಗಿ ಯಾವಾಗ ಎದ್ದು ಬಂದಿದ್ದಳೋ, ಚೀಲಕ್ಕೆ ಕೈ ಹಾಕಿ ಒಂದೊಂದೇ ಪಟ್ಟಿ ತೆಗೆದು ಓದುತ್ತಿದ್ದಳು. ಕನ್ನಡ ಓದುವುದು ಅವಳಿಗೆ ನಿಧಾನ, ತುಟಿ ಆಡಿಸಿ ಆಡಿಸಿ ಓದುತ್ತಿದ್ದಳು. ಮೂರನೆಯದೋ ನಾಲ್ಕನೆಯದೋ ಪಟ್ಟಿಗೆ ನಿಂತಳು. ಗೋಳಗುಮ್ಮಟಕ್ಕಿಂತ ದೊಡ್ಡದಾಗಿ ಕಟ್ಟಬೇಕೆಂದು ಹೊರಟು ಅರ್ಧಕ್ಕೇ ನಿಂತದ್ದು ಎಂದು ಅದರಲ್ಲಿತ್ತು. ಅವಳ ಮುಖ ಇಳಿಯಿತು. ಪಟ್ಟಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಸುಮ್ಮನೆ ಹೋಗಿ ತನ್ನ ಜಾಗದಲ್ಲಿ ಕೂತಳು. ಎದುರಿನ ಹುಡುಗ ಬಿಡುವವನಲ್ಲ. “ದಿಖಾ, ದಿಖಾ. ಸೋತಿ ಹೌದಿಲ್ಲೋ?” ಎಂದು ಕೈ ಚಾಚಿದ. ಅವಳು ಪಟ್ಟಿ ಅವನ ತೊಡೆಯ ಮೇಲೆ ಬಿಸಾಕಿ, ಸಾಲಿನಿಂದ ಬಾರಾಕಮಾನನ್ನು ಎತ್ತಿ ಮುಂದಕ್ಕೆ ಇಟ್ಟಳು. ಆಗ ಉಳಿದ ಗುಂಪಿನವರೂ ಚೀಲದ ಕಡೆ ಎದ್ದರು.

ಮುಖ್ಯೋಪಾಧ್ಯಾಯಿನಿ ಗಡಿಯಾರ ನೋಡಿದರು. “ನಿಮ್ಮ ಸಮಯ ಮುಗಿಯಿತು. ನೀವು ಹೋಗಬಹುದು. ಚೀಲ ಇಲ್ಲಿರಲಿ, ಮಕ್ಕಳು ಕೈ ಹಾಕಿದ್ದಾರೆ.”

ಅವ್ವ ಅವರಿಗೆಲ್ಲ ಕೈ ಮುಗಿದಳು. ನಾನು ಮುಗಿಯಲಿಲ್ಲ.

ವಾಪಸು ಬರುವಾಗ ಲೋಕಲ್ಲಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತೆವು. ಮಲಾಡ್ ದಾಟಿದ ಮೇಲೆ ಅವ್ವ ಕೇಳಿದಳು, ಆ ಹಿರಿಯರಿಗೆ ಯಾಕೆ ಸಿಟ್ಟು ಬಂತು, ಪಟ್ಟಿ ಸಿಕ್ಕವಲ್ಲ. ಹೇಳದಿದ್ದರೂ ನಡೆಯುತ್ತಿತ್ತು. ಹೇಳಿದೆ. ಅವರಿಗೆ ಉತ್ತರ ಬೇಕಂತಲೇ ಬಿಟ್ಟದ್ದು ಎಂದಿದ್ದೆ, ನನ್ನದೇ ಯೋಚನೆ ಎಂದಿದ್ದೆ, ಅಷ್ಟರಲ್ಲಿ ನೀನು ಬಂದೆ ಎಂದು.

ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಜೋಗೇಶ್ವರಿಯಲ್ಲಿ ಹತ್ತಿದವರ ಗದ್ದಲ ಇಳಿದ ಮೇಲೆ ಕೇಳಿದಳು: “ನನಗ ಓದಾಕ ಬರೂದಿಲ್ಲ ಅಂತ ಹೇಳೂದು ನಿನಗ ಅಷ್ಟು ನಾಚಿಕಿ ಏನು?”

ಅಲ್ಲ ಎಂದೆ. ಕೆಲಸ ಹೋಗುತ್ತದೆ ಎಂದು ಹೆದರಿ ಸುಳ್ಳು ಹೇಳಿದ್ದು ಎಂದೆ. ಅದೂ ನಿಜವೇ. ಆದರೆ ಅಷ್ಟೇ ಅಲ್ಲ. ಮನೆತನದಲ್ಲಿ ನಾನೇ ಮೊದಲು ಓದಿದವಳು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವಾಗ, ಹಾಗಾದರೆ ಉಳಿದವರು ಓದಿಲ್ಲ ಎಂಬುದೂ ಅದರಲ್ಲೇ ಇದೆ ಎಂದು ನಾನು ಯೋಚಿಸಿರಲಿಲ್ಲ. ಹಿಂದಿನವರನ್ನು ಹಿಂದೆಯೇ ಬಿಟ್ಟು ಮುಂದೆ ನಿಂತು ಹೇಳುವ ಮಾತು ಅದು. ಅವ್ವನಿಗೆ ಅದು ಯಾವಾಗಿನಿಂದಲೋ ಗೊತ್ತಿದ್ದಿರಬೇಕು.

“ಬಾಯಿಲೆ ಹೇಳಿದ್ರ ಮಡಚತಿದ್ದೆ,” ಎಂದಳು. “ಇಷ್ಟಽ ಕೆಲಸ ಇತ್ತು ಅದು.”

ನಾನು ಅವಳಿಗೆ ಫೋನಿನಲ್ಲಿ ಅಂದ ಮಾತಿಗೆ ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಸಾಂತಾಕ್ರೂಜ್ ಬಂತು, ಅವಳು ಎದ್ದು ಬಾಗಿಲ ಕಡೆ ನಡೆದಳು. ಪ್ಲಾಟ್‌ಫಾರ್ಮಿನಲ್ಲಿ ಹೇಳಿದೆ. “ಆತು ಬಿಡು,” ಎಂದಳು, ಬ್ರಿಜ್ಜಿನ ಮೆಟ್ಟಿಲು ಹತ್ತುತ್ತ.

ಆರು ದಿನ ಏನೂ ಸುದ್ದಿಯಿಲ್ಲ. ಥರ್ಮೊಕೋಲಿನವರಿಗೇ ಕೆಲಸ ಆಗಿರಬೇಕು ಎಂದುಕೊಂಡೆ. ಲ್ಯಾಬಿನಲ್ಲಿ ಹೆಸರು, ವಯಸ್ಸು ಟೈಪ್ ಮಾಡುತ್ತಿದ್ದೆ. ಪ್ರತಿ ಸಲ ಫೋನ್ ಅಲುಗಿದಾಗ ಯಾರದೋ ವಯಸ್ಸು ತಪ್ಪಾಗುತ್ತಿತ್ತು, ಅಳಿಸಿ ಮತ್ತೆ ಹೊಡೆಯುತ್ತಿದ್ದೆ. ಖಾಲಾ ದಿನವೂ ಸಂಜೆ ಬಾಗಿಲಿಗೆ ಬಂದು ಕೇಳುತ್ತಿದ್ದರು. ಅವ್ವ ಕೇಳುತ್ತಿರಲಿಲ್ಲ. ಅವಳು ಕೇಳದಿರುವುದೇ ಹೆಚ್ಚು ಭಾರವಾಗಿತ್ತು.

ಏಳನೆಯ ದಿನ ಮಧ್ಯಾಹ್ನ, ಕೌಂಟರಿನ ಮುಂದೆ ಉದ್ದನೆಯ ಸಾಲಿರುವಾಗ ಫೋನ್ ಬಂತು. ಗೊತ್ತಿಲ್ಲದ ನಂಬರು. ಎತ್ತಿದರೆ ಮೇಷ್ಟ್ರು.

“ಒಂದನೇ ತಾರೀಖಿನಿಂದ ಬರಬೇಕು. ಒಂದು ವರ್ಷ ತಾತ್ಕಾಲಿಕ. ಆಮೇಲೆ ನೋಡಿ ಕಾಯಂ ಮಾಡುತ್ತಾರೆ. ಪತ್ರವನ್ನು ಶಾಲೆಯವರು ಕಳಿಸುತ್ತಾರೆ.”

ನಾನು ಕೀಬೋರ್ಡಿನಿಂದ ಕೈ ತೆಗೆದೆ.

“ಇನ್ನೊಂದು ಮಾತು. ನಾನು ನಿಮ್ಮನ್ನು ಬೇಡ ಅಂದೆ. ಉಳಿದ ಇಬ್ಬರೂ ಬೇಕು ಅಂದರು. ಮಕ್ಕಳು ಊಟದ ಬೆಲ್ ಆದರೂ ಆ ಪಟ್ಟಿಗಳನ್ನು ಬಿಟ್ಟು ಏಳಲಿಲ್ಲ, ಅದಕ್ಕೆ ಬೇಕು ಅಂದರು. ನಾನು ಬೇಡ ಅಂದದ್ದು ನಿಮಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು ಅಂತ ನಾನೇ ಫೋನ್ ಮಾಡಿದೆ.”

“ಆಯಿತು ಸರ್,” ಎಂದೆ. ಅವರು ಫೋನ್ ಇಟ್ಟರು.

ಸಾಲಿನಲ್ಲಿ ಮುಂದೆ ನಿಂತವರು ಚೀಟಿ ಚಾಚಿಕೊಂಡೇ ಇದ್ದರು. ಒಂದು ನಿಮಿಷ ಎಂದು ಕೈಸನ್ನೆ ಮಾಡಿ ಅವ್ವನಿಗೆ ಹಚ್ಚಿದೆ.

“ಬಾ ಅಂದ್ರವ್ವಾ,” ಎಂದೆ. ಅವಳು ಖಾಲಾನನ್ನು ಕೂಗಿ ಹೇಳಿದ್ದು ಕೇಳಿತು. ಆಮೇಲೆ ಮೇಷ್ಟ್ರು ಬೇಡ ಅಂದಿದ್ದರಂತೆ ಎಂಬುದನ್ನೂ ಹೇಳಿದೆ. ಹೇಳಬೇಕು ಅನ್ನಿಸಿತು.

ಆ ಕಡೆ ಕತ್ತರಿಯ ಸದ್ದು ಶುರುವಾಯಿತು.

“ಅವರು ಅಂದದ್ದು ಖರೇನಽ ಐತಿ,” ಎಂದಳು ಅವ್ವ. “ಹೋಗಿ ಕೆಲಸ ಮಾಡು. ಆಮ್ಯಾಲ ಅವರಽ ಹೌದು ಅನ್ನಬೇಕು.”

ನಾನು ಚೀಟಿ ತೆಗೆದುಕೊಂಡು ಸಾಲಿನಲ್ಲಿದ್ದವರ ಹೆಸರು ಕೇಳಿದೆ.